ಅಪ್‌ಡೇಟ್: ಕೊಪ್ಪಳದ ರಿಪೇರಿ ಅಂಗಡಿಗೆ ಬೆಳಕು ಬಂತು

ಮಂಚ, ಕುರ್ಚಿ, ಬಾಗಿಲು ರಿಪೇರಿ ಮಾಡೋ ನನ್ನ ಅಂಗಡಿಯಲ್ಲಿ ಬೆಳಕೂ ಸಾಲಲ್ಲ, ಜಾಗವೂ ಸಾಲಲ್ಲ, ಏನ್ ಮಾಡ್ಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣು.

ಚೋಕಿನ ಟ್ಯೂಬ್‌ಲೈಟ್ ತೆಗೆಸಿದೆ. 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ತಿರುಗೋ ಗರಗಸದ ಬ್ಲೇಡು ನಿಂತಂಗೆ ಕಾಣಬಹುದು ಅಂತ ಅಣ್ಣಾವ್ರೊಬ್ಬರು ಹೇಳಿದ್ದೇ ಸಾಕಾಯ್ತು. ಈಗ ಮಿನುಗದ ಎಲ್‌ಇಡಿ, ಬೆಳಕಿನ ಬಣ್ಣ 4000 ಕೆಲ್ವಿನ್, ಅಂದ್ರೆ ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲದ ಬಿಳಿ. ಮೇಜಿನ ಪಕ್ಕದಿಂದ ಓರೆಯಾಗಿ ಇನ್ನೊಂದು ದೀಪ: ಉಜ್ಜಿದ ಗೀರು, ಒಣಗಿದ ಗೋಂದಿನ ಕಲೆ ಎಲ್ಲ ಎದ್ದು ಕಾಣ್ತವೆ. ಮೇಲಿನ ದೀಪದಲ್ಲಿ ಇವು ಸಿಗ್ತಾನೇ ಇರಲಿಲ್ಲ.

ಪಾಲಿಶ್ ಬಣ್ಣ ಹೊಂದಿಸೋಕೆ ಉತ್ತರದ ಕಿಟಕಿಯೇ ಸೈ. ಅಲ್ಲಿ ಬಿಸಿಲೇ ಬೀಳಲ್ಲ ಅನ್ನೋ ಮಾತು ಮಾತ್ರ ನಮ್ಮ ಕಡೆ ನಡೆಯಲ್ಲ. ಮೇಯಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರ್ತಾನೆ. ಒಂದು ಬಿಳಿ ಪರದೆ ಹಾಕಿದೀನಿ.

ಮೇಜನ್ನ ಗೋಡೆ ಬಿಡಿಸಿ ನಡುವೆ ತಂದೆ, ಮಂಚದ ಸುತ್ತ ತಿರುಗಾಡಬಹುದು. ಕೊಯ್ಯೋದು ಬಾಗಿಲ ಕಡೆ, ಪಾಲಿಶ್ ಒಳಗಿನ ಮೂಲೆ. ಹೊಟ್ಟು ಅಲ್ಲಿತನಕ ಬರಲ್ಲ. ಮಂಚಗಳನ್ನ ಮೇಲೆ ತೂಗುಹಾಕಿ ಅಂದವರೇ, ನಮ್ಮ ತಗಡಿನ ಮಾಡು ಅದನ್ನ ತಡೆಯಲ್ಲ ಬಿಡ್ರಿ.

ಸೆಕೆ ಹಾಗೇ ಇದೆ. ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.