ಸಹಾಯ ಬೇಕು: ತಂಗಿಯ ಡೈವೋರ್ಸ್, ಸಹಿಗೆ ಮುಂಚೆ ಏನೇನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿದ್ದೇನೆ, ತಂಗಿ ಮಗುವಿನ ಜೊತೆ ಮಂಡ್ಯದಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದಾಳೆ. ಗಂಡ ಹೆಂಡತಿ ಬೇರೆಯಾಗಿ ವರ್ಷ ದಾಟಿದೆ. ಈಗ ಗಂಡನ ಕಡೆಯವರು ಛಾಪಾ ಕಾಗದದಲ್ಲಿ ಒಪ್ಪಂದ ಬರೆಸಿಕೊಂಡು ಬಂದು ಸಹಿ ಹಾಕು ಅಂತಿದ್ದಾರೆ, ಹಿರಿಯರೂ ಕೋರ್ಟು ಗೀರ್ಟು ಯಾಕೆ, ಇಲ್ಲೇ ಮುಗಿಸಿ ಅಂತಾರೆ. ನಾನಂತೂ ಬೇಡವೇ ಬೇಡ ಅಂದಿದ್ದೇನೆ. ಕೋರ್ಟಿನ ಡಿಕ್ರಿ ಇಲ್ಲದೆ ನಾಳೆ ಅವಳು ಯಾವ ಆಧಾರದ ಮೇಲೆ ನಿಲ್ಲಬೇಕು?

ಪರಸ್ಪರ ಒಪ್ಪಿಗೆಯ ಅರ್ಜಿಗೆ ನಾವೂ ತಯಾರಿದ್ದೇವೆ. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಅರ್ಜಿ ಹಾಕಿ 6 ತಿಂಗಳು ಕಾಯಬೇಕು, ಆದರೆ ಕೋರ್ಟ್ ಆ ಅವಧಿಯನ್ನು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಮನವಿ ಯಾರಾದರೂ ಹಾಕಿದ್ದೀರಾ?

ನನಗೆ ಜಾಸ್ತಿ ಭಯ ಇರುವುದು ಆ ಕಾಗದದ ಒಂದು ಸಾಲಿನ ಬಗ್ಗೆ. "ಮುಂದೆ ಜೀವನಾಂಶ ಕೇಳುವುದಿಲ್ಲ" ಅಂತ ಬರೆದಿದ್ದಾರೆ, ಮಗುವಿನ ಖರ್ಚಿನ ಮಾತೇ ಇಲ್ಲ. ತವರಿನಿಂದ ಹಾಕಿದ ಒಡವೆ ಅವರ ಲಾಕರ್‌ನಲ್ಲಿದೆ, ಅದು ಸ್ತ್ರೀಧನ, ಅವಳದ್ದೇ ಅಲ್ವಾ? ರಸೀದಿ ಕೆಲವು ಮಾತ್ರ ಇವೆ, ಮದುವೆ ಫೋಟೋ ಸಾಕಾಗುತ್ತದೆಯೇ? ಮನೆ ಸಾಲ ಇಬ್ಬರ ಹೆಸರಲ್ಲಿದೆ. ಡೈವೋರ್ಸ್ ಆದರೂ ಕಂತು ತಪ್ಪಿದರೆ ಬ್ಯಾಂಕ್ ಇವಳನ್ನೂ ಕೇಳುತ್ತದೆ, ಹೆಸರು ತೆಗೆಸುವುದು ಹೇಗೆ?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಮಂಡ್ಯದಲ್ಲಿ ಹೀಗೆ ಸಹಾಯ ಪಡೆದವರು ದಯವಿಟ್ಟು ಅನುಭವ ಹೇಳಿ. "ಹೊಂದಿಕೊಂಡು ಹೋಗಲಿ" ಅನ್ನುವ ಸಲಹೆ ಬೇಡ, ಆ ಪ್ರಯತ್ನವೆಲ್ಲ ಮುಗಿದಿದೆ.