ಅಪ್‌ಡೇಟ್: ಸೇನೆಯಿಂದ ಮರಳಿದವರು ರಾತ್ರಿ ಬೆಚ್ಚಿ ಏಳುವುದರ ಬಗ್ಗೆ

ನನ್ನ ಪ್ರಶ್ನೆ ಇಷ್ಟೇ ಇತ್ತು: ಯುದ್ಧಭೂಮಿಯಿಂದ ಮರಳಿದವರು ಕೆಟ್ಟ ಕನಸಿಗೆ ಬೆಚ್ಚಿ ಏಳುತ್ತಾರೆ, ಜನಸಂದಣಿ ಕಂಡರೆ ಹಿಂದೆ ಸರಿಯುತ್ತಾರೆ; ಮನೆಯವರು ಏನು ಮಾಡಬೇಕು? ಬಂದ ಸಲಹೆಗಳನ್ನು ಜರಡಿ ಹಿಡಿದ ಮೇಲೆ ಉಳಿದದ್ದು ಇದು.

ಎಬ್ಬಿಸುವಾಗ ಭುಜ ಹಿಡಿದು ಅಲುಗಿಸಬೇಡಿ, ಅರೆನಿದ್ದೆಯಲ್ಲಿ ಕೈ ಬೀಸಿಬಿಡಬಹುದು. ಕಾಲಿನ ಕಡೆ, ಕೈಗೆಟುಕದಷ್ಟು ದೂರ ನಿಂತು ಹೆಸರು ಹಿಡಿದು ಕರೆಯಿರಿ.

"ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ" ಅನ್ನೋದು ಅರ್ಧ ನಿಜ, ಅದಕ್ಕೇ ಅಪಾಯ. ನಿದ್ದೆ ಬೇಗ ಹತ್ತುತ್ತದೆ. ಅಮಲು ಇಳಿಯುತ್ತಿದ್ದಂತೆ, ರಾತ್ರಿಯ ಉತ್ತರಾರ್ಧದಲ್ಲಿ, ಒಡೆದು ಚೂರಾಗುತ್ತದೆ.

ಇದು ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯೇ (ಪಿಟಿಎಸ್‌ಡಿ) ಎಂದು ಅಂದಾಜಿಸಲು ಪಿಸಿಎಲ್-5 ಪ್ರಶ್ನಾವಳಿ ಉಪಯುಕ್ತ. ಕಳೆದ ಒಂದು ತಿಂಗಳ ಬಗ್ಗೆ 20 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಮೊತ್ತ 31–33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಜ್ಞರನ್ನು ಕಾಣಬೇಕು. ಅದೇ ರೋಗನಿರ್ಣಯವಲ್ಲ, ನೆನಪಿರಲಿ.

ಎಡವುವುದು ಚಿಕಿತ್ಸೆ ಶುರುವಾದ ಮೇಲೆ. ಆಘಾತದ ನೆನಪನ್ನೇ ಎದುರಿಸುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಭೇಟಿ. ಮೊದಮೊದಲು ಕೆಲವರಿಗೆ ತಳಮಳ ಹೆಚ್ಚುತ್ತದೆ. ಆಗ ಮನೆಯವರೇ "ಸುಮ್ಮನೆ ಯಾಕೆ ಕೆದಕೋದು" ಎಂದು ಬಿಡಿಸುತ್ತಾರೆ. ಆದರೆ ತಪ್ಪಿಸಿಕೊಂಡಷ್ಟೂ ಭಯ ಬೇರೂರುತ್ತದೆ. ಅವರ ಪರವಾಗಿ ಎಲ್ಲ ಹೊರಗಿನ ಕೆಲಸ ಮಾಡಿಕೊಡುವುದೂ ಇದೇ ತಪ್ಪು, ಪ್ರೀತಿಯ ವೇಷದಲ್ಲಿ. ಚಿಕಿತ್ಸಕರ ಜೊತೆ ಮೆಟ್ಟಿಲುಗಳನ್ನು ಗುರುತಿಸಿ: ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ ಅಂಗಡಿ, ಜೊತೆಗೊಬ್ಬರು, ಆಮೇಲೆ ಒಬ್ಬರೇ.

ಸಾಯುವ ಮಾತು ಬಂದರೆ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಬಂದೂಕು, ಹೆಚ್ಚುವರಿ ಮಾತ್ರೆ ಅಂದೇ ಮನೆಯಿಂದಾಚೆ ಹೋಗಲಿ, ಒಬ್ಬರನ್ನೇ ಬಿಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.