ಎರೆ ಮಣ್ಣಿನ ಹಿತ್ತಲಿನಲ್ಲಿ ಕಡಿಮೆ ಖರ್ಚಿನ ಇಂಗುಗುಂಡಿ ಫಲ ಕೊಡುವುದೇ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆಯ ಕಡೆಗಿದೆ. ಮನೆಯ ಹಿಂದೆ 30 ಅಡಿ ಉದ್ದ, 20 ಅಡಿ ಅಗಲದ ಹಿತ್ತಲಿನಲ್ಲಿ ನಿಂಬೆ, ಮಲ್ಲಿಗೆ, ನುಗ್ಗೆ ಮತ್ತು ಮೂರು ಪಪ್ಪಾಯಿ ಗಿಡಗಳನ್ನು ಬೆಳೆಸಿದ್ದೇನೆ. ಮಣ್ಣು ಅಪ್ಪಟ ಕಪ್ಪು ಎರೆ. ಒಂದು ಜೋರು ಮಳೆಯಾದರೆ ನಾಲ್ಕು ದಿನವಾದರೂ ನೀರು ಕದಲುವುದಿಲ್ಲ. ಕಳೆದ ವಾರ ಒಂದು ಪಪ್ಪಾಯಿ ಗಿಡ ಬುಡ ಕೊಳೆತು ಕೈಯಿಂದ ತಳ್ಳಿದೊಡನೆ ವಾಲಿತು. ಮಾಳಿಗೆಯ ನೀರಿನ ಕೊಳವೆಯೂ ಇದೇ ಹಿತ್ತಲಿಗೆ ಇಳಿಯುತ್ತದೆ. ನಾಲ್ಕು ಅಡಿ ಗುಂಡಿ ತೋಡಿ, ಒಡೆದ ಇಟ್ಟಿಗೆ ಮತ್ತು ಹಳೆಯ ಗಿಲಾವಿನ ಚೂರುಗಳನ್ನು ತುಂಬಿದರೆ ಸಾಕೆಂದು ಗೌಂಡಿ ಹೇಳುತ್ತಿದ್ದಾರೆ. ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ. ಇದು ಸರಿಯಾದ ದಾರಿಯೇ? ಗೋಡೆಯ ಬುನಾದಿಗೆ ತೊಂದರೆಯಾದೀತೇ?

ಉತ್ತರ 1 (ಕಲಬುರಗಿಯಿಂದ)

ಅಕ್ಕನವರೇ, ಗುದ್ದಲಿ ಹಿಡಿಯುವ ಮುನ್ನ ನಿಮ್ಮ ಎರೆ ಮಣ್ಣು ಎಷ್ಟು ಆಳದವರೆಗೆ ಇದೆ ಎಂಬುದನ್ನು ತಿಳಿಯಿರಿ, ಏಕೆಂದರೆ ಉಳಿದದ್ದೆಲ್ಲವೂ ಅದರ ಮೇಲೆ ನಿಂತಿದೆ. ಎರೆ ಮಣ್ಣಿನ ಜೇಡಿ ಕಣಗಳು ನೀರು ಕುಡಿದು ಊದಿಕೊಂಡು, ನೀರು ಇಳಿಯಬೇಕಾದ ಸಂದುಗಳನ್ನು ತಾವೇ ಮುಚ್ಚಿಬಿಡುತ್ತವೆ. ಅಂಥ ಮಣ್ಣಿನಲ್ಲೇ ತಳ ನಿಂತರೆ ಅದು ಇಂಗುಗುಂಡಿಯಾಗುವುದಿಲ್ಲ, ನೆಲದೊಳಗೆ ಹೂತಿಟ್ಟ ತೊಟ್ಟಿಯಾಗುತ್ತದೆ. ಆದರೆ ನಮ್ಮ ಭಾಗದಲ್ಲಿ ಹಲವು ಕಡೆ ಎರೆಯ ಕೆಳಗೆ ಹಳದಿ ಮುರುಮು, ಅಂದರೆ ಹರಳು ಹರಳಾದ ಗೊರಚು ನೆಲ, ಸಿಗುತ್ತದೆ. ಗುಂಡಿಯ ತಳ ಆ ಮುರುಮಿಗೆ ಎರಡಡಿ ಇಳಿದರೆ ಮಾತ್ರ ನೀರಿಗೆ ದಾರಿ ಸಿಕ್ಕೀತು.

ಪರೀಕ್ಷೆ ಸುಲಭ. ತೋಡಿದ ಗುಂಡಿಯ ತಳದಲ್ಲಿ ಒಂದಡಿ ಅಗಲ, ಒಂದಡಿ ಆಳದ ಕುಳಿ ಮಾಡಿ, ರಾತ್ರಿ ನೀರು ತುಂಬಿ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿ, ಕಡ್ಡಿಯೊಂದನ್ನು ನೆಟ್ಟು, ಒಂದು ಗಂಟೆಯಲ್ಲಿ ನೀರು ಎಷ್ಟು ಇಳಿಯಿತೆಂದು ಅಳೆಯಿರಿ. ಗಂಟೆಗೆ ಅರ್ಧ ಅಂಗುಲವೂ ಇಳಿಯದಿದ್ದರೆ ಆ ಜಾಗದ ಆಸೆ ಬಿಡಿ. ರಾತ್ರಿ ನೆನೆಸುವುದನ್ನು ಮಾತ್ರ ಬಿಡಬೇಡಿ: ಬೇಸಿಗೆಯಲ್ಲಿ ಎರೆ ಭೂಮಿ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಸುರಿದ ನೀರು ಆ ಬಿರುಕುಗಳಲ್ಲಿ ಕ್ಷಣದಲ್ಲಿ ಮಾಯವಾಗಿ ನಮಗೆ ಸುಳ್ಳು ಭರವಸೆ ಕೊಡುತ್ತದೆ, ಮಳೆಗಾಲದಲ್ಲಿ ಬಿರುಕು ಕೂಡಿಕೊಂಡ ಮೇಲೆ ನಿಜ ಗೊತ್ತಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಮಾಳಿಗೆ 1,000 ಚದರ ಅಡಿ ಇದ್ದರೆ, 25 ಮಿಲಿಮೀಟರ್ ಮಳೆಗೆ ಅಲ್ಲಿಂದಲೇ ಸುಮಾರು 2,300 ಲೀಟರ್ ಇಳಿಯುತ್ತದೆ. ಹಿತ್ತಲಿನ ಮೇಲೆ ನೇರವಾಗಿ ಬೀಳುವುದು ಸುಮಾರು 1,400 ಲೀಟರ್. ನಾಲ್ಕಡಿ ಚೌಕ, ಐದಡಿ ಆಳದ ಗುಂಡಿಗೆ ಕಲ್ಲು ತುಂಬಿದ ಮೇಲೆ ಸಂದುಗಳಲ್ಲಿ ಉಳಿಯುವ ಜಾಗ ಬಹುತೇಕ ಮೂರನೇ ಒಂದು ಪಾಲು, ಅಂದರೆ ಸುಮಾರು 750 ಲೀಟರ್ ಮಾತ್ರ. ಆದ್ದರಿಂದ ಮೊದಲು ಮಾಳಿಗೆಯ ಕೊಳವೆಯನ್ನು ಮನೆಯ ಸಂಪ್‌ಗೆ (ನೀರು ತುಂಬಿಡುವ ನೆಲತೊಟ್ಟಿಗೆ) ತಿರುಗಿಸಿರಿ. ಅತಿ ಕಡಿಮೆ ಖರ್ಚಿನ ಪರಿಹಾರ ಅದೇ, ಮತ್ತು ಬೇಸಿಗೆಗೆ ನೀರೂ ಉಳಿಯುತ್ತದೆ.

ಬುನಾದಿಯ ವಿಷಯದಲ್ಲಿ ನಿಮ್ಮ ಅಳುಕು ಸರಿಯಾಗಿಯೇ ಇದೆ. ಎರೆ ನೆಲ ನೆನೆದು ಉಬ್ಬಿ, ಒಣಗಿ ಕುಗ್ಗುತ್ತಿದ್ದರೆ ಗೋಡೆ ಸೀಳುತ್ತದೆ. ಮನೆಯಿಂದ 16 ಅಡಿಯಾದರೂ ದೂರವಿರಲಿ. ಕಾಂಪೌಂಡ್ ಗೋಡೆಯಿಂದ ಗುಂಡಿಯ ಆಳದಷ್ಟಾದರೂ ಅಂತರವಿರಲಿ. ನೆನೆದ ಎರೆ ಮಣ್ಣಿನ ಪಕ್ಕಗಳು ಒಮ್ಮೆಲೇ ಕುಸಿಯುವುದರಿಂದ ಮಳೆಯಲ್ಲಿ ತೋಡಿಸಬೇಡಿ, ಒಬ್ಬರನ್ನೇ ಒಳಗೆ ಇಳಿಸಬೇಡಿ.

ಉತ್ತರ 2 (ಬೀದರ್‌ನಿಂದ)

ನಮ್ಮದು ಜಂಬಿಟ್ಟಿಗೆಯ ಕೆಂಪು ನೆಲ, ನಿಮ್ಮದಕ್ಕೆ ನೇರ ಹೋಲಿಕೆಯಲ್ಲ. ರಂಧ್ರಗಳಿರುವ ಈ ಕಲ್ಲಿನೊಳಗೆ ನೀರು ಸರಾಗವಾಗಿ ಇಳಿದು, ಕೆಳಗಿನ ಗಟ್ಟಿ ಕಪ್ಪು ಶಿಲೆಯ ಮೇಲೆ ಸಂಗ್ರಹವಾಗುತ್ತದೆ. ಬಹಮನಿಯರ ಕಾಲದ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗಗಳು ಹರಿಸಿದ್ದು ಇದೇ ನೀರನ್ನು. ಇಷ್ಟು ಒಳ್ಳೆಯ ನೆಲದಲ್ಲೂ ನನ್ನ ಇಂಗುಗುಂಡಿ ಎರಡೇ ವರ್ಷದಲ್ಲಿ ಕಟ್ಟಿಕೊಂಡಿತು. ಬಿಚ್ಚಿ ನೋಡಿದಾಗ, ಗಿಲಾವಿನ ಚೂರುಗಳು ಕರಗಿ, ಮಣ್ಣು ಮತ್ತು ಕೊಳೆತ ಎಲೆಗಳ ಜೊತೆ ಸೇರಿ, ಮೇಲಿನ ಒಂದಡಿಯಷ್ಟು ಹಾರೆಯಿಂದ ಬಡಿದರೂ ಬಿಡದ ಹೆಂಟೆಯಾಗಿತ್ತು. ಗೌಂಡಿಯವರ ಆ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ.

ಎರಡನೆಯ ಸಲ ಗುಂಡಿಯ ನಡುವೆ, ಸುತ್ತಲೂ ತೂತು ಕೊರೆದ 200 ಲೀಟರಿನ ಹಳೆಯ ಪ್ಲಾಸ್ಟಿಕ್ ಡ್ರಮ್ ನಿಲ್ಲಿಸಿ, ಪಕ್ಕಗಳಿಗೆ ತೊಳೆದ ದಪ್ಪ ಕಡಿ (ಜಲ್ಲಿಕಲ್ಲು) ತುಂಬಿಸಿದೆ. ಕಡಿಯ ಮೇಲೆ ಗೊಬ್ಬರದ ಖಾಲಿ ಚೀಲ ಹಾಸಿ ಮಣ್ಣು ಮುಚ್ಚಿ, ಡ್ರಮ್ಮಿನ ಬಾಯಿಗೆ ಫರ್ಸಿ ಕಲ್ಲು ಹೊದಿಸಿದ್ದೇನೆ, ಸೊಳ್ಳೆಗೂ ಮಕ್ಕಳ ಕಾಲಿಗೂ ಅದು ಅಡ್ಡ. ಗುಂಡಿಗೆ ಮುಂಚೆ ಎರಡಡಿಯ ಇಟ್ಟಿಗೆಯ ತೊಟ್ಟಿ ಕಟ್ಟಿಸಿ, ಹೊರಕೊಳವೆಯನ್ನು ತಳದಿಂದ ಒಂದಡಿ ಮೇಲಿಟ್ಟಿದ್ದೇನೆ. ಕೆಸರು ಅಲ್ಲೇ ಕೂರುತ್ತದೆ, ಪ್ರತಿ ಜೋರು ಮಳೆಯ ನಂತರ ಸಲಿಕೆಯಿಂದ ತೆಗೆಯುತ್ತೇನೆ. ಬಚ್ಚಲು ನೀರನ್ನು ಇದಕ್ಕೆ ಸೇರಿಸಬೇಡಿ, ಸಾಬೂನಿನ ಜಿಡ್ಡು ಮುರುಮಿನ ಸಂದುಗಳನ್ನು ಮುಚ್ಚುತ್ತದೆ.

ಉತ್ತರ 3 (ಯಾದಗಿರಿಯಿಂದ)

ಗುಂಡಿ ಏನೇ ಆಗಲಿ, ಪಪ್ಪಾಯಿಯನ್ನು ನೆಲಮಟ್ಟದಲ್ಲಿ ಬಿಡಬೇಡಿ. ಬುಡದಲ್ಲಿ ಎರಡು ದಿನ ನೀರು ನಿಂತರೆ ಅದು ಉಳಿಯುವುದು ಕಷ್ಟ. ತೋಡಿದ ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ಮಡಿ ಮಾಡಿ ಹೊಸ ಸಸಿ ಇಡಿ, ಮಡಿಗಳ ನಡುವೆ ಗುಂಡಿಯ ಕಡೆಗೆ ಇಳಿಜಾರಾದ ಬಸಿಗಾಲುವೆ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಳೆ ಬಿಡುವು ಕೊಟ್ಟ ವಾರದಲ್ಲಿ, ಮಗ ಮತ್ತು ಒಬ್ಬ ಕೂಲಿಯಾಳು ಸೇರಿ ಮನೆಯಿಂದ ದೂರದ ಮೂಲೆಯಲ್ಲಿ ಪರೀಕ್ಷೆಯ ಗುಂಡಿ ತೋಡಿದರು. ಮೂರಡಿಯಲ್ಲಿ ನೀರು ತುಂಬಿದಾಗ, ಬೆಳಗಿನ ತನಕ ಇಳಿದದ್ದು ಒಂದು ಬೆರಳಿನಷ್ಟು. ನಾಲ್ಕೂವರೆ ಅಡಿಗೆ ಹಾರೆಯ ಸದ್ದು ಬದಲಾಯಿತು, ಹಳದಿ ಹರಳು ಮೇಲೆ ಬಂತು. ಅಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಅಳೆದಾಗ, ಒಂದು ಗಂಟೆಯಲ್ಲಿ ನಾಲ್ಕು ಅಂಗುಲ ಇಳಿದಿತ್ತು. ಮಾಳಿಗೆಯ ಕೊಳವೆಯನ್ನು ನಿನ್ನೆ ಸಂಪ್‌ಗೆ ತಿರುಗಿಸಿಯಾಯಿತು. ನೆಲ ಇನ್ನಷ್ಟು ಆರಿದ ಮೇಲೆ ಗುಂಡಿಯನ್ನು ಆರೂವರೆ ಅಡಿಗೆ ಇಳಿಸಿ, ಡ್ರಮ್ ಮತ್ತು ಕಡಿ ಹಾಕಿಸುತ್ತೇವೆ. ಅಲ್ಲಿಯವರೆಗೆ ಬಾಯಿಗೆ ಎರಡು ಫರ್ಸಿ ಮುಚ್ಚಿಟ್ಟಿದ್ದೇವೆ.